ಗುಟ್ಟಿನ ಖರ್ಚು: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರ.

ಮೊದಲು ಒಂದು ಡಬ್ಬಿಯ ಕತೆ ಹೇಳಿಬಿಡುತ್ತೇನೆ. ಬಿಳಿ ಪ್ಲಾಸ್ಟಿಕ್ ಡಬ್ಬಿ, ಮುಷ್ಟಿಯಷ್ಟು ದೊಡ್ಡದು. ಒಳಗೆ 30 ಗುಳಿಗೆ. ದಿನಕ್ಕೆ ಒಂದರಂತೆ ಒಂದು ತಿಂಗಳಿಗೆ. ಸರ್ಕಾರ ಪುಕ್ಕಟೆ ಕೊಡುತ್ತದೆ. ನನ್ನ ಜೀವ ಉಳಿಸಿರುವುದೇ ಅದು. ಆದರೆ ಅದಕ್ಕೊಂದು ಕೆಟ್ಟ ಚಾಳಿ ಇದೆ, ಸಪ್ಪಳ ಮಾಡುತ್ತದೆ. ನಮ್ಮ ಕಡೆಯ ರಸ್ತೆಗಳು ನಿಮಗೆ ಗೊತ್ತಲ್ಲ. ಬಸ್ಸು ಒಂದು ಗುಂಡಿ ಇಳಿದು ಏಳುವಷ್ಟರಲ್ಲಿ ಚೀಲದೊಳಗೆ ಗಡಗಡ ಅನ್ನುತ್ತದೆ. ಒಮ್ಮೆ ಪಕ್ಕದಲ್ಲಿ ಕೂತಿದ್ದ ಹೆಂಗಸು ಕೇಳಿಯೇಬಿಟ್ಟಳು, "ಏನ್ರೀ ಅಕ್ಕಾರ ಅದು ಸಪ್ಪಳ?" ಶುಗರ್ ಗುಳಿಗೆ ಅಂದೆ. "ಅಯ್ಯ, ನನಗೂ ಶುಗರ್ ಐತ್ರೀ!" ಅಂತ ಇನ್ನಷ್ಟು ಹತ್ತಿರ ಸರಿದು ಕೂತಳು. ಮುಂದಿನ ಮುಕ್ಕಾಲು ತಾಸು ಹಾಗಲಕಾಯಿ ರಸ, ಮೆಂತ್ಯದ ನೀರು, ಅವಳ ಭಾವನ ಕಾಲಿನ ಹುಣ್ಣು. ಇಳಿಯುವಾಗ ನನ್ನ ಕೈಗೆ ಒಂದು ಪೇರಲ ಹಣ್ಣು ಇಟ್ಟು ಹೋದಳು.

ಅಂದಿನಿಂದ ಡಬ್ಬಿಯಲ್ಲಿ ಹತ್ತಿ ತುರುಕುತ್ತೇನೆ. ಈ ಗುಳಿಗೆ ಕೊಡುವ ಎ.ಆರ್.ಟಿ. ಸೆಂಟರಿನ ಪಕ್ಕದ ಶೌಚಾಲಯದಲ್ಲಿ ನಿಂತು ಮೊದಲು ಡಬ್ಬಿಯ ಮೇಲಿನ ಚೀಟಿ ಕೀಳುವುದು, ಆಮೇಲೆ ಹತ್ತಿ. ಈ ಕೆಲಸ ಮಾಡುವವಳು ನಾನೊಬ್ಬಳೇ ಅಲ್ಲ. ಅಲ್ಲಿನ ಬುಟ್ಟಿ ನೋಡಿದರೆ ಗೊತ್ತಾಗುತ್ತದೆ, ಹರಿದ ಚೀಟಿ, ಖಾಲಿ ಡಬ್ಬಿ ರಾಶಿ ಬಿದ್ದಿರುತ್ತವೆ. ಕೆಲವರು ಡಬ್ಬಿಯನ್ನೇ ಎಸೆದು ಗುಳಿಗೆಗಳನ್ನು ಪೇಪರಿನಲ್ಲಿ ಕಟ್ಟಿಕೊಂಡು ಹೋಗುತ್ತಾರೆ. ಹಾಗೆ ಮಾಡಬೇಡಿ, ತೇವ ತಾಗಿದರೆ ಗುಳಿಗೆ ಕೆಡುತ್ತದೆ ಅಂತ ಕೌನ್ಸೆಲರ್ ಮೇಡಂ ಪ್ರತಿ ಸಲ ಹೇಳುತ್ತಾರೆ. ತಲೆ ಆಡಿಸುತ್ತೇವೆ. ಹೊರಗೆ ಬಂದು ಎಸೆಯುತ್ತೇವೆ.

ನನಗೆ ಎಚ್‌ಐವಿ ಇದೆ. ಬಾಗಲಕೋಟೆ ಜಿಲ್ಲೆಯ ಒಂದು ಹಳ್ಳಿಯವಳು. ಹೊಲಿಗೆ ಕೆಲಸ ಮಾಡುತ್ತೇನೆ. ಬ್ಲೌಸು, ಶಾಲೆಯ ಯೂನಿಫಾರ್ಮು, ಹಬ್ಬ ಬಂದರೆ ಫಾಲ್ಸ್, ಜಿಗ್‌ಜಾಗ್. ನನ್ನ ಗಂಡ ಗೋವಾಕ್ಕೆ ಗೌಂಡಿ ಕೆಲಸಕ್ಕೆ ಹೋಗುತ್ತಿದ್ದರು. 2007ರಲ್ಲಿ ತೀರಿಕೊಂಡರು. ಅದೇ ವರ್ಷ ನನ್ನ ರಕ್ತವೂ ಪಾಸಿಟಿವ್ ಅಂತ ಬಂತು. ಮಗಳಿಗೆ ಆಗ ಮೂರು ವರ್ಷ. ಅವಳದು ನೆಗೆಟಿವ್. ಆ ಚೀಟಿಯನ್ನು ಇವತ್ತಿಗೂ ಟ್ರಂಕಿನಲ್ಲಿ, ಮನೆ ಪತ್ರಗಳ ಜೊತೆ ಇಟ್ಟಿದ್ದೇನೆ.

ಬೈಯುವುದಕ್ಕೇ ಈ ಪತ್ರ ಬರೆಯುತ್ತಿದ್ದೇನೆ ಅಂದುಕೊಳ್ಳಬೇಡಿ. ಸರ್ಕಾರ ಮಾಡಿದ ಒಳ್ಳೆಯದನ್ನು ನಮಗಿಂತ ಚೆನ್ನಾಗಿ ಯಾರೂ ಹೇಳಲಾರರು, ಏಕೆಂದರೆ ಬದುಕಿರುವವರು ನಾವೇ. ದೇಶದಲ್ಲಿ ಪುಕ್ಕಟೆ ಎ.ಆರ್.ಟಿ., ಅಂದರೆ ಎಚ್‌ಐವಿ ಹತ್ತಿಕ್ಕುವ ಗುಳಿಗೆ, ಶುರುವಾಗಿದ್ದು 2004ರ ಏಪ್ರಿಲ್ 1ಕ್ಕೆ. ನನಗೆ ಗುಳಿಗೆ ಸಿಕ್ಕಿದ್ದು 2009ರಲ್ಲಿ. ಆಗೆಲ್ಲ ಪಾಸಿಟಿವ್ ಅಂತ ಗೊತ್ತಾದ ಕೂಡಲೇ ಗುಳಿಗೆ ಕೊಡುತ್ತಿರಲಿಲ್ಲ, ಸಿಡಿ4, ಅಂದರೆ ರೋಗ ತಡೆಯುವ ರಕ್ತಕಣಗಳ ಲೆಕ್ಕ, ಇಳಿಯುವವರೆಗೂ ಕಾಯಬೇಕಿತ್ತು. ನನ್ನದು 180ಕ್ಕೆ ಬಂದಿತ್ತು. 2017ರಿಂದ ಆ ಕಾಯುವಿಕೆ ಹೋಯಿತು. ಗೊತ್ತಾದ ಕೂಡಲೇ ಗುಳಿಗೆ. ಎಷ್ಟು ಜೀವ ಉಳಿದವೋ.

ಮೊದಲ ಗುಳಿಗೆಯಲ್ಲಿ ಸ್ಟಾವುಡಿನ್ ಅಂತ ಒಂದು ಔಷಧಿ ಇರುತ್ತಿತ್ತು. ಜೀವ ಉಳಿಸಿತು, ನಿಜ. ಆದರೆ ಎರಡು ವರ್ಷದಲ್ಲಿ ಕೆನ್ನೆಯ ಕೊಬ್ಬು ಕರಗಿಸಿ ಮುಖ ಗುಳಿ ಬೀಳಿಸಿತು. ತೋಳಿನಲ್ಲಿ ನರ ಎದ್ದು ಕಾಣುತ್ತಿದ್ದವು. ನಮ್ಮ ಕಡೆ ಆ ಮುಖವನ್ನು ಜನ ಗುರುತು ಹಿಡಿಯುತ್ತಿದ್ದರು. ಸಂತೆಯಲ್ಲಿ ನಿಂತರೆ ತರಕಾರಿ ಮಾರುವವಳ ಕಣ್ಣು ಮೊದಲು ಕೆನ್ನೆಗೆ ಹೋಗಿ ಆಮೇಲೆ ಟೊಮ್ಯಾಟೊ ಕಡೆ ಬರುತ್ತಿತ್ತು. ಆಮೇಲೆ ಬಂದ ಗುಳಿಗೆ ಉಗುರು ಕಪ್ಪು ಮಾಡಿತು. ಅದರ ನಂತರದ್ದು ರಾತ್ರಿ ಕೆಟ್ಟ ಕೆಟ್ಟ ಕನಸು ತರಿಸುತ್ತಿತ್ತು. ಈಗಿನದು ಟೆನೋಫೋವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್, ಮೂರೂ ಸೇರಿದ ಒಂದೇ ಗುಳಿಗೆ. 2020ರ ಹೊತ್ತಿಗೆ ಬರಲು ಶುರುವಾಯಿತು. ಇದು ಬಂದ ಮೇಲೆ ನನ್ನ ಮುಖ ನೋಡಿ ಯಾರೂ ಏನೂ ಹೇಳಲಾರರು. ಹದಿನೆಂಟು ವರ್ಷದ ಹಿಂದೆ ಮಣ್ಣು ಸೇರಬೇಕಾದವಳು ಇವತ್ತು ಮಂಡಿ ನೋವು, ಚಾಳೀಸು ಅಂತ ಗೊಣಗುತ್ತಿದ್ದೇನೆ. ಇದು ಸಣ್ಣ ಮಾತಲ್ಲ.

ಹಾಗಾದರೆ ತಕರಾರು ಏನು? ವೈರಸ್ಸಿಗೆ ದಿನಕ್ಕೊಂದು ಗುಳಿಗೆ ಸಾಕು. ಗುಟ್ಟಿಗೆ ಎಷ್ಟು ಬೇಕು, ಅದರ ಲೆಕ್ಕ ಯಾರೂ ಇಟ್ಟಿಲ್ಲ. ನಾನು ಇಟ್ಟಿದ್ದೇನೆ. ಅದನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ನಮ್ಮೂರಿಂದ ತಾಲೂಕಾ ಆಸ್ಪತ್ರೆ ಒಂಬತ್ತು ಕಿಲೋಮೀಟರ್. ಅಲ್ಲೇ ಲಿಂಕ್ ಎ.ಆರ್.ಟಿ. ಸೆಂಟರ್ ಇದೆ. ದೂರ ಹೋಗುವ ಕಷ್ಟ ಬೇಡ ಅಂತ ಸರ್ಕಾರ ಮಾಡಿದ್ದು, ಒಳ್ಳೆಯ ಉದ್ದೇಶ. ನಾನು ಅಲ್ಲಿಗೆ ಹೋಗುವುದಿಲ್ಲ. ಆ ಆಸ್ಪತ್ರೆ ಬಾಗಿಲ ಮುಂದೆಯೇ ಬಸ್ಸಿನಲ್ಲಿ ಹಾದು, ಬೇರೆ ಜಿಲ್ಲೆಯ ಸೆಂಟರಿಗೆ ಹೋಗುತ್ತೇನೆ. ಹೋಗಲು ಮೂರು ತಾಸು, ಬರಲು ಮೂರು ತಾಸು. ಯಾಕೆ ಅಂದರೆ ತಾಲೂಕಾ ಆಸ್ಪತ್ರೆಯಲ್ಲಿ ಕಸ ಗುಡಿಸುವ ಹೆಣ್ಣುಮಗಳು ನಮ್ಮ ಓಣಿಯವಳು. ಚೀಟಿ ಮಾಡುವ ಹುಡುಗ ನನ್ನ ಹತ್ತಿರ ಅಂಗಿ ಹೊಲಿಸಿದವನು. ಇಬ್ಬರೂ ಒಳ್ಳೆಯವರೇ. ಆದರೆ ಆ ಒಂದು ರೂಮಿನ ಮುಂದಿನ ಬೆಂಚಿನ ಮೇಲೆ ಕೂತರೆ ಸಾಕು, ಯಾರೂ ಏನೂ ಹೇಳಬೇಕಾಗಿಲ್ಲ. ಬೆಂಚೇ ಹೇಳುತ್ತದೆ.

ಮೊದಲು ಇದಕ್ಕೆ ಬಸ್ ಚಾರ್ಜ್, ಚಹಾ, ಒಂದು ದಿನದ ಕೂಲಿ, ಎಲ್ಲ ಸೇರಿ ದೊಡ್ಡ ಮೊತ್ತವೇ ಆಗುತ್ತಿತ್ತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ಆಧಾರ್ ತೋರಿಸಿದರೆ ಝೀರೊ ಟಿಕೆಟ್. ಹೆಂಗಸರು ದೇವಸ್ಥಾನ ಸುತ್ತಲು ಬಸ್ ಹತ್ತುತ್ತಾರೆ ಅಂತ ಪೇಪರಿನಲ್ಲಿ ಜೋಕು ಬರುತ್ತಿದ್ದವು. ನಾನು ಗುಟ್ಟು ಕಾಯಲು ಹತ್ತುತ್ತೇನೆ. ನಿಮ್ಮ ಸರ್ಕಾರ ಗೊತ್ತಿಲ್ಲದೆಯೇ ನನ್ನ ಗುಟ್ಟಿನ ಅರ್ಧ ಖರ್ಚು ಹೊತ್ತಿದೆ, ಅದಕ್ಕೂ ಒಂದು ಥ್ಯಾಂಕ್ಸ್. ನಮ್ಮ ಗುಂಪಿನ ಗಂಡಸರಿಗೆ ಆ ಭಾಗ್ಯ ಇಲ್ಲ. ಅವರು ಇವತ್ತಿಗೂ ಎರಡು ಕಡೆಯ ಚಾರ್ಜ್ ಕೊಟ್ಟು, ಕೂಲಿ ಕಳೆದುಕೊಂಡು ಬರುತ್ತಾರೆ. ಕೆಲವರು ಬರುವುದೇ ಇಲ್ಲ. ಆಗ ಅವರನ್ನು "ಗುಳಿಗೆ ಬಿಟ್ಟವರು" ಅಂತ ಬರೆದುಕೊಂಡು, ಔಟ್‌ರೀಚ್ ವರ್ಕರ್ ಮನೆ ಹುಡುಕಿಕೊಂಡು ಹೋಗಬೇಕಾಗುತ್ತದೆ. ಮನೆಗೆ ಯಾರೋ ಹುಡುಕಿಕೊಂಡು ಬಂದರೆ ಮತ್ತೆ ಓಣಿಯವರ ಪ್ರಶ್ನೆ. ನೋಡಿ, ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ.

ಸುಳ್ಳಿನ ಲೆಕ್ಕ ಬೇರೆ. ಎರಡು ತಿಂಗಳಿಗೊಮ್ಮೆ ಎಲ್ಲಿಗೆ ಹೋಗುತ್ತೀಯ ಅಂದರೆ ಮೊದಲು ತವರಿಗೆ ಅನ್ನುತ್ತಿದ್ದೆ. ಅವ್ವ ಸತ್ತ ಮೇಲೆ ಆ ಸುಳ್ಳೂ ಸತ್ತಿತು. ಆಮೇಲೆ ಬ್ಯಾಂಕು, ಆಮೇಲೆ ಹೊಲಿಗೆ ಮಷೀನಿನ ಸಾಮಾನು, ಈಗ ಮಂಡಿ ನೋವಿನ ಡಾಕ್ಟರ್. ಒಂದು ಸುಳ್ಳು ಹೇಳಿದರೆ ಮುಗಿಯುವುದಿಲ್ಲ, ಅದನ್ನು ಎಮ್ಮೆ ಸಾಕಿದ ಹಾಗೆ ಸಾಕಬೇಕು. ಮದುವೆಗೆ ಹೋದರೆ ರಾತ್ರಿ ಉಳಿಯುವುದಿಲ್ಲ, ಒಂಬತ್ತು ಗಂಟೆಗೆ ಗುಳಿಗೆ ನುಂಗಬೇಕು, ನೀರು ಕೇಳಿದರೆ ಹತ್ತು ಕಣ್ಣು. ಜಾತ್ರೆಗೆ ನೆಂಟರು ಬಂದರೆ ಡಬ್ಬಿ ಅಕ್ಕಿ ಡ್ರಮ್ಮಿನ ತಳಕ್ಕೆ ಹೋಗುತ್ತದೆ. ಒಮ್ಮೆ ನೆಂಟರು ನಾಲ್ಕು ದಿನ ಆ ಡ್ರಮ್ಮಿನ ಪಕ್ಕದಲ್ಲೇ ಹಾಸಿಕೊಂಡು ಮಲಗಿದರು. ಎರಡು ದಿನದ ಗುಳಿಗೆ ತಪ್ಪಿತು. ಸೆಂಟರಿನಲ್ಲಿ ಉಳಿದ ಗುಳಿಗೆ ಎಣಿಸಿ ಮೇಡಂ ಬೈದರು. ಯಾಕೆ ತಪ್ಪಿತು ಅಂತ ಕೇಳಿದರು. ಮರೆತೆ ಅಂದೆ. ಅಲ್ಲಿಯೂ ಸುಳ್ಳೇ!

ಇನ್ನೊಂದು ಮಾತು, ಇದನ್ನು ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಗಂಡ ಸತ್ತ ಮೇಲೆ ಅತ್ತೆ ಮನೆಯವರು ನನ್ನನ್ನು ಮಗುವಿನ ಸಮೇತ ಹೊರಗೆ ಹಾಕಿದರು. ಹೊಲದ ಪಾಲಿನ ಮಾತು ಎತ್ತಿದರೆ ಊರ ತುಂಬ ಹೇಳುತ್ತೇವೆ ಅಂದರು. ಸುಮ್ಮನಾದೆ. ಎರಡು ಎಕರೆ ನೀರಾವರಿ. ಗುಟ್ಟಿನ ಬೆಲೆ ಅಷ್ಟು. ತಮ್ಮನ ಮನೆಗೆ ಬಂದೆ. ಅವನಾಗಲೀ ಅವನ ಹೆಂಡತಿಯಾಗಲೀ ಒಂದು ದಿನವೂ ಬೇರೆ ಮಾಡಲಿಲ್ಲ. ನಾನೇ ಮಾಡಿಕೊಂಡೆ. ಸ್ಟೀಲ್ ತಾಟಿನ ಹಿಂದೆ ಮೊಳೆಯಿಂದ ಗೀರಿ ಗುರುತು ಮಾಡಿ, ಅದರಲ್ಲೇ ಉಣ್ಣುತ್ತಿದ್ದೆ. ತಮ್ಮನ ಮಗು ಓಡಿ ಬಂದು ಮಡಿಲು ಹತ್ತಿದರೆ ಎದೆ ಡವಡವ ಅನ್ನುತ್ತಿತ್ತು. ಒಂದೇ ತಾಟಿನಲ್ಲಿ ಉಂಡರೆ ಬರುವುದಿಲ್ಲ ಅಂತ ನನಗೆ ಗೊತ್ತಿತ್ತು, ಕೌನ್ಸೆಲರ್ ಹೇಳಿದ್ದರು, ಗೋಡೆಯ ಮೇಲೆ ಚಿತ್ರವೂ ಇತ್ತು. ಗೊತ್ತಿದ್ದರೇನು, ಕೈ ಕೇಳಬೇಕಲ್ಲ. ಆ ಗೀರು ತಾಟನ್ನು ನಾನು ಹನ್ನೊಂದು ವರ್ಷ ಬಳಸಿದೆ.

ಅದು ಬಿಟ್ಟಿದ್ದು ಹೇಗೆ ಅಂತ ಹೇಳಬೇಕು. ನಮ್ಮಂಥವರದೇ ಒಂದು ಮೀಟಿಂಗಿನಲ್ಲಿ ಒಬ್ಬ ಅಣ್ಣ ಎದ್ದು ನಿಂತು, ರಕ್ತದಲ್ಲಿ ವೈರಸ್ಸು ಎಷ್ಟಿದೆ ಅಂತ ಹೇಳುವ ವೈರಲ್ ಲೋಡ್ ರಿಪೋರ್ಟು ಎತ್ತಿ ತೋರಿಸಿ, "ಇದರಾಗ ಏನ್ ಬರದೈತಿ ಅಂತ ನಿಮಗ ಯಾರಾದ್ರೂ ತಿಳಿಸಿ ಹೇಳ್ಯಾರೇನು?" ಅಂದ. ನನ್ನ ರಿಪೋರ್ಟಿನಲ್ಲೂ ಅದೇ ಇತ್ತು, ಟಾರ್ಗೆಟ್ ನಾಟ್ ಡಿಟೆಕ್ಟೆಡ್. ವೈರಸ್ಸು ಪರೀಕ್ಷೆಗೆ ಸಿಗದಷ್ಟು ಇಳಿದಿದೆ ಅಂತ ಅರ್ಥ. ಹಾಗೆ ಇಳಿದು, ಗುಳಿಗೆ ತಪ್ಪದಿದ್ದರೆ, ಕೂಡುವುದರಿಂದಲೂ ಇನ್ನೊಬ್ಬರಿಗೆ ಹರಡುವುದಿಲ್ಲ. ಇದನ್ನು ಯು ಈಕ್ವಲ್ಸ್ ಯು ಅನ್ನುತ್ತಾರೆ. ಕಾಣದಿದ್ದರೆ ಹರಡದು. ಯುರೋಪಿನ ಹಲವು ದೇಶಗಳಲ್ಲಿ ಒಬ್ಬರಿಗೆ ಹೀಗೆ ಇಳಿದ ಎಚ್‌ಐವಿ ಇದ್ದು ಇನ್ನೊಬ್ಬರಿಗೆ ಇಲ್ಲದ ಸಾವಿರಕ್ಕೂ ಹೆಚ್ಚು ಜೋಡಿಗಳನ್ನು ವರ್ಷಗಟ್ಟಲೆ ನೋಡಿದರು. ಆ ಜೋಡಿಗಳು ಕಾಂಡೋಮ್ ಬಳಸುತ್ತಿರಲಿಲ್ಲ. ಸಂಗಾತಿಯಿಂದ ಅಂಟಿದ ಪ್ರಕರಣ ಸೊನ್ನೆ. 2016ರಲ್ಲಿ ಒಂದು ವರದಿ, 2019ರಲ್ಲಿ ಇನ್ನೊಂದು, ಎರಡರಲ್ಲೂ ಸೊನ್ನೆ. ನನಗೆ ಇದು ಗೊತ್ತಾಗಿದ್ದು ಆಸ್ಪತ್ರೆಯಿಂದಲ್ಲ, ಒಂದು ಕಲ್ಯಾಣ ಮಂಟಪದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು. ಅವತ್ತು ಮನೆಗೆ ಬಂದು ಆ ತಾಟನ್ನು ಉಳಿದ ತಾಟುಗಳ ನಡುವೆ ಸೇರಿಸಿದೆ. ಮಾರನೇ ದಿನ ನಾದಿನಿ ಅದರಲ್ಲೇ ಅವಲಕ್ಕಿ ತಿಂದಳು. ಅವಳಿಗೆ ಗುರುತಿನ ವಿಷಯವೇ ಗೊತ್ತಿರಲಿಲ್ಲ.

ಸ್ವಾಮಿ, ಇಷ್ಟು ದೊಡ್ಡ ಸುದ್ದಿಯನ್ನು ನಮಗೆ ಯಾಕೆ ಜೋರಾಗಿ ಹೇಳುವುದಿಲ್ಲ? ಹೇಳಿದರೆ ಜನ ಹದ ತಪ್ಪುತ್ತಾರೆ, ಕಾಂಡೋಮ್ ಬಿಡುತ್ತಾರೆ ಅಂತ ಭಯ ಇರಬಹುದು. ಬೇರೆ ಗುಪ್ತರೋಗಗಳಿಗೆ ಕಾಂಡೋಮ್ ಬೇಕೇ ಬೇಕು, ಅದನ್ನೂ ಜೊತೆಗೆ ಹೇಳಿ. ಆದರೆ ಇದನ್ನು ಮುಚ್ಚಿಡಬೇಡಿ. ಗುಳಿಗೆ ತಪ್ಪಿಸಬೇಡ ಅಂತ ನೂರು ಸಲ ಬೈಯುವುದಕ್ಕಿಂತ, ತಪ್ಪಿಸದೆ ವೈರಸ್ಸು ಕಾಣದಷ್ಟು ಇಳಿದರೆ ಕೂಡಿದರೂ ನಿನ್ನಿಂದ ಯಾರಿಗೂ ಬರಲ್ಲ ಅಂತ ಒಂದು ಸಲ ಹೇಳಿ ನೋಡಿ.

ಈಗ ಆಸ್ಪತ್ರೆಯ ವಿಷಯಕ್ಕೆ ಬರುತ್ತೇನೆ. ನಾನು ಪೆನ್ನು ಹಿಡಿದಿದ್ದೇ ಇದಕ್ಕೆ.

ಎರಡು ವರ್ಷದ ಹಿಂದೆ ಗರ್ಭಕೋಶದಲ್ಲಿ ಗಡ್ಡೆ ಅಂತ ಆಪರೇಷನ್ ಮಾಡಿಸಬೇಕಾಯಿತು. ಮೊದಲು ಒಂದು ಖಾಸಗಿ ನರ್ಸಿಂಗ್ ಹೋಮಿಗೆ ಹೋದೆ. ಸ್ಕ್ಯಾನ್ ನೋಡಿ ಡಾಕ್ಟರು ಗುರುವಾರ ಮಾಡೋಣ ಅಂದರು. ನಾನು ಎ.ಆರ್.ಟಿ. ಸೆಂಟರಿನ ಹಸಿರು ಪುಸ್ತಕ ತೆಗೆದು ಮೇಜಿನ ಮೇಲಿಟ್ಟೆ. ಮುಚ್ಚಿಡಬಾರದು ಅಂತ ನನ್ನ ಅನಿಸಿಕೆ. ಗುರುವಾರ ಹೋಗಿ ಸೋಮವಾರ ಆಯಿತು, ಅದೂ ಕೊನೆಯ ಕೇಸಾಗಿ, ಕಿಟ್ ಚಾರ್ಜ್ ಬೇರೆ ಅಂದರು. ಸೋಮವಾರ ಖಾಲಿ ಹೊಟ್ಟೆಯಲ್ಲಿ ಸಂಜೆ ನಾಲ್ಕರವರೆಗೆ ಕೂತೆ. ನಾಲ್ಕಕ್ಕೆ ನರ್ಸ್ ಬಂದು, "ಡಾಕ್ಟರ್ ಹೇಳ್ಯಾರ, ನಿಮ್ಮದು ಇಲ್ಲಿ ಆಗಂಗಿಲ್ಲ, ದೊಡ್ಡ ಆಸ್ಪತ್ರಿಗೆ ಹೋಗ್ರಿ" ಅಂದಳು. ಡಾಕ್ಟರು ಹೊರಗೆ ಬರಲೇ ಇಲ್ಲ.

ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು, ಚೆನ್ನಾಗಿಯೇ ಆಯಿತು. ಆದರೆ ವಾರ್ಡಿನಲ್ಲಿ ನನ್ನ ಕೇಸ್ ಶೀಟಿನ ಮೇಲೆ ಕೆಂಪು ಶಾಯಿಯಲ್ಲಿ ದೊಡ್ಡದಾಗಿ ಬರೆದಿದ್ದರು. ಅದನ್ನು ಮಂಚದ ಕಾಲ ಬುಡದ ಕ್ಲಿಪ್ಪಿಗೆ ಸಿಕ್ಕಿಸಿದ್ದರು, ಹಾದು ಹೋಗುವ ಯಾರು ಬೇಕಾದರೂ ಓದಬಹುದು. ನನ್ನ ಮಂಚ ಮೂಲೆಗೆ, ಬಾತ್‌ರೂಮಿನ ಪಕ್ಕ. ಆಯಾ ಹಾಸಿಗೆಯ ಚಾದರ ಬದಲಿಸಲಿಲ್ಲ, ಮಗಳ ಕೈಗೆ ಕೊಟ್ಟು "ನೀನ ಹಾಕವ್ವ" ಅಂದಳು. ಗುಳಿಗೆಯನ್ನು ಅಂಗೈಗೆ ಹಾಕುವ ಬದಲು ದಿಂಬಿನ ಮೇಲೆ ಎಸೆದು ಹೋಗುತ್ತಿದ್ದರು. ಎರಡನೇ ದಿನ ಪಕ್ಕದ ಮಂಚದ ಅಜ್ಜಿಯ ಮಗ ಬಂದು ಆ ಶೀಟು ಓದಿದ. ಸಂಜೆ ಹೊತ್ತಿಗೆ ಅಜ್ಜಿಯ ಮಂಚ ವಾರ್ಡಿನ ಆ ತುದಿಯಲ್ಲಿತ್ತು. ಪಾಪ ಅಜ್ಜಿ, ಹಿಂದಿನ ರಾತ್ರಿಯೆಲ್ಲ ನನ್ನ ಜೊತೆ ಮಾತಾಡಿದ್ದಳು. ಮಂಚ ತಳ್ಳಿಕೊಂಡು ಹೋಗುವಾಗ ನನ್ನ ಕಡೆ ತಿರುಗಿ ನೋಡುತ್ತಲೇ ಇದ್ದಳು. ಯಾಕೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ ಅನಿಸುತ್ತದೆ.

ರಾತ್ರಿ ಪಾಳಿಗೆ ಬರುತ್ತಿದ್ದ ಒಬ್ಬ ನರ್ಸಮ್ಮ ಮಾತ್ರ ಬೇರೆ ಥರ. ಎಲ್ಲರಿಗೂ ಹಾಕುವ ಹಾಗೆ ಗ್ಲೌಸ್ ಹಾಕಿ, ಡ್ರೆಸಿಂಗ್ ಮಾಡಿ, ಗ್ಲೌಸ್ ತೆಗೆದು, ಕೈ ತೊಳೆದು, ಆಮೇಲೆ ಬರಿಗೈಯಲ್ಲಿ ನನ್ನ ಹಣೆ ಮುಟ್ಟಿ ಜ್ವರ ನೋಡಿದಳು. ನಾನು ಹಿಂದೆ ಸರಿದೆ, ಅಭ್ಯಾಸ. "ಹಣಿ ಮುಟ್ಟಿದ್ರ ಏನಾಕ್ಕೈತ್ರೀ ಅಕ್ಕಾರ" ಅಂತ ನಕ್ಕಳು. ಆ ಐದು ದಿನದಲ್ಲಿ ನಾನು ಅತ್ತಿದ್ದು ಆಗ ಒಂದೇ ಸಲ.

ಈ ಕೆಂಪು ಶಾಯಿ ಸಿಬ್ಬಂದಿಯ ರಕ್ಷಣೆಗೆ ಅನ್ನುತ್ತಾರೆ. ಅದನ್ನೇ ಸ್ವಲ್ಪ ನೋಡೋಣ. ಚಿಕಿತ್ಸೆ ಪಡೆಯದ ಎಚ್‌ಐವಿ ರೋಗಿಯ ರಕ್ತದ ಸೂಜಿ ಚುಚ್ಚಿದರೂ ಅಂಟುವ ಸಾಧ್ಯತೆ ಸಾವಿರಕ್ಕೆ ಮೂರು. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ರೋಗಿಯ ಸೂಜಿ ಚುಚ್ಚಿದರೆ ಅದು ನೂರಕ್ಕೆ 30ರವರೆಗೂ ಹೋಗುತ್ತದೆ. ಎಚ್‌ಐವಿ ವಿಷಯದಲ್ಲಿ ಸೂಜಿ ಚುಚ್ಚಿದ 72 ತಾಸಿನೊಳಗೆ, ಆದಷ್ಟು ಬೇಗ, ಗುಳಿಗೆ ಶುರು ಮಾಡಿ 28 ದಿನ ತೆಗೆದುಕೊಂಡರೆ ಆ ಸಣ್ಣ ಅಪಾಯವೂ ಇಳಿಯುತ್ತದೆ. ನನ್ನ ರಕ್ತದಲ್ಲಿ ವೈರಸ್ಸು ಪರೀಕ್ಷೆಗೇ ಸಿಗುತ್ತಿಲ್ಲ. ಆ ವಾರ್ಡಿನಲ್ಲಿ ಇಪ್ಪತ್ತು ಮಂಚ ಇದ್ದವು. ಹತ್ತೊಂಬತ್ತು ಜನರಲ್ಲಿ ಯಾರಿಗೆ ಏನಿತ್ತೋ, ಈಚೆಗೆ ಸೋಂಕು ತಗುಲಿ ಇನ್ನೂ ಪರೀಕ್ಷೆಯಲ್ಲಿ ಕಾಣದವರು ಯಾರಿದ್ದರೋ, ಯಾರಿಗೆ ಗೊತ್ತು? ಅವರ ಶೀಟಿನ ಮೇಲೆ ಕೆಂಪು ಶಾಯಿ ಇಲ್ಲ, ಹಾಗಾಗಿ ಅವರಿಗೆ ಕೆಲವೊಮ್ಮೆ ಗ್ಲೌಸೂ ಇಲ್ಲ. ನಾನು ಕಣ್ಣಾರೆ ನೋಡಿದ್ದೇನೆ. ಎಲ್ಲರ ರಕ್ತವನ್ನೂ ಒಂದೇ ಎಚ್ಚರಿಕೆಯಿಂದ ಮುಟ್ಟಿ ಅಂತ ನರ್ಸಿಂಗ್ ಪಾಠದಲ್ಲೇ ಇದೆ. ಕೆಂಪು ಶಾಯಿ ಆ ಪಾಠ ಮರೆಸುತ್ತದೆ. ನನ್ನ ಮರ್ಯಾದೆಯ ಮಾತು ಪಕ್ಕಕ್ಕಿರಲಿ, ನಿಮ್ಮ ನರ್ಸುಗಳ ಕೈಯಾದರೂ ಉಳಿಯಲಿ.

ಕಾನೂನು ಇಲ್ಲವಾ? ಇದೆ. 2017ರಲ್ಲಿ ಸಂಸತ್ತು ಎಚ್‌ಐವಿ ಮತ್ತು ಏಡ್ಸ್ ತಡೆ ಮತ್ತು ನಿಯಂತ್ರಣ ಕಾಯ್ದೆ ಮಾಡಿತು. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಚಿಕಿತ್ಸೆ, ಕೆಲಸ, ಶಾಲೆ, ಬಾಡಿಗೆ ಮನೆ, ವಿಮೆ, ಯಾವುದರಲ್ಲೂ ಭೇದ ಮಾಡುವಂತಿಲ್ಲ. ಬೇರೆ ಇಟ್ಟು ನೋಡುವಂತಿಲ್ಲ. ಒಪ್ಪಿಗೆ ಇಲ್ಲದೆ ವಿಷಯ ಹೊರಗೆ ಬಿಡುವಂತಿಲ್ಲ. ಇದ್ದ ಮನೆಯಿಂದ ಹೊರಗೆ ಹಾಕುವಂತಿಲ್ಲ (ನನ್ನ ಕಾಲಕ್ಕೆ ಇದು ತಡವಾಗಿ ಬಂತು, ಇರಲಿ). 20 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಪ್ರತಿ ಆಸ್ಪತ್ರೆಯಲ್ಲೂ ದೂರು ಕೇಳುವ ಒಬ್ಬ ಅಧಿಕಾರಿ ಇರಬೇಕು. ರಾಜ್ಯ ಸರ್ಕಾರ ಓಂಬುಡ್ಸ್‌ಮನ್, ಅಂದರೆ ದೂರು ವಿಚಾರಿಸಿ ತೀರ್ಮಾನ ಕೊಡುವವರನ್ನು, ನೇಮಿಸಬೇಕು. ಅವರು 30 ದಿನದೊಳಗೆ, ತುರ್ತು ಚಿಕಿತ್ಸೆಯ ವಿಷಯವಾದರೆ 24 ತಾಸಿನೊಳಗೆ ಆದೇಶ ಕೊಡಬೇಕು. 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್, ಸೇನೆಯ ಆಸ್ಪತ್ರೆಯಲ್ಲಿ ರಕ್ತ ಏರಿಸಿದಾಗ ಸೋಂಕು ತಗುಲಿದ ವಾಯುಪಡೆಯ ಒಬ್ಬ ಮಾಜಿ ಯೋಧರಿಗೆ ಒಂದೂವರೆ ಕೋಟಿಗೂ ಹೆಚ್ಚು ಪರಿಹಾರ ಕೊಡಿಸಿದಾಗ, ಈ ಕಾಯ್ದೆಯನ್ನು ಸರಿಯಾಗಿ ಜಾರಿ ಮಾಡಿ ಅಂತ ಸರ್ಕಾರಗಳಿಗೆ ಸೂಚನೆ ಕೊಟ್ಟಿತು.

ಡಿಸ್ಚಾರ್ಜ್ ದಿನ ನಾನು ಕೌಂಟರಿಗೆ ಹೋಗಿ ಕೇಳಿದೆ, ದೂರು ಕೊಡಬೇಕು, ಅಧಿಕಾರಿ ಯಾರು? ಅಲ್ಲಿದ್ದ ಹುಡುಗ ಕಂಪ್ಯೂಟರಿನಿಂದ ಕಣ್ಣು ಎತ್ತದೆ, "ಯಾವ ಕಂಪ್ಲೇಂಟ್ರೀ, ಲಿಫ್ಟಿಂದಾ?" ಅಂದ. ಲಿಫ್ಟ್ ಕೆಟ್ಟು ವಾರವಾಗಿತ್ತಂತೆ. ಹಿಂದೆ ಎಂಟು ಜನ ಸಾಲಿನಲ್ಲಿದ್ದರು. ಯಾವ ಕಂಪ್ಲೇಂಟು ಅಂತ ಆ ಎಂಟು ಜನರ ಮುಂದೆ ನಾನು ಹೇಗೆ ಹೇಳಲಿ? ಹೌದಪ್ಪ, ಲಿಫ್ಟಿಂದು ಅಂದೆ. ಮೆಟ್ಟಿಲು ಇಳಿದು ಬಂದೆ.

ನಮಗೆ ಕಾನೂನು ಕೈಗೆ ಸಿಗದಿರುವುದು ಇಲ್ಲೇ. ಗುಟ್ಟು ಬಯಲಾಗಿದೆ ಅಂತ ದೂರು ಕೊಡಲು ಗುಟ್ಟು ಬಯಲು ಮಾಡಬೇಕು. ಕೋರ್ಟಿನಲ್ಲಿ ಹೆಸರು ಮರೆಮಾಚಲು ಅದೇ ಕಾಯ್ದೆಯ 34ನೇ ಕಲಮಿನಲ್ಲಿ ಅವಕಾಶ ಇದೆ. ಆಸ್ಪತ್ರೆ ಕೌಂಟರಿನಲ್ಲಿ ಆ ಅವಕಾಶ ಯಾರು ಕೊಡುತ್ತಾರೆ? ಒಂದು ಫೋನ್ ನಂಬರ್ ಸಾಕು. 1097 ಅಂತ ಏಡ್ಸ್ ಸಹಾಯವಾಣಿ ಹೇಗೂ ಇದೆ, ಪುಕ್ಕಟೆ. ಅಲ್ಲಿಗೆ ಫೋನ್ ಮಾಡಿ ಇಂಥ ಆಸ್ಪತ್ರೆ, ಇಂಥ ವಾರ್ಡು ಅಂದರೆ ಓಂಬುಡ್ಸ್‌ಮನ್ ಮೇಜಿಗೆ ಹೋಗುವ ಹಾಗೆ ಮಾಡಲು ಆಗುವುದಿಲ್ಲವಾ?

ಇದೆಲ್ಲ ಹೇಳುವಾಗ ಕೆಲವರು ನನ್ನ ಪರ ಮಾತಾಡುತ್ತಾರೆ. "ಪಾಪ, ಇವಳದೇನು ತಪ್ಪು, ಗಂಡನಿಂದ ಬಂತು." ಆ ಪಾಪ ನನಗೆ ಬೇಡ. ನಮ್ಮ ಸೆಂಟರಿನ ಬೆಂಚಿನ ಮೇಲೆ ನನ್ನ ಪಕ್ಕ ಕೂರುವವಳು ಹದಿಮೂರಕ್ಕೇ ಮುತ್ತು ಕಟ್ಟಿಸಿಕೊಂಡ ದೇವದಾಸಿ. ಆಚೆ ಕೂರುವವಳು ಒಬ್ಬ ಜೋಗಪ್ಪ. ಅವರಿಗೆ ಯಾರೂ ಪಾಪ ಅನ್ನುವುದಿಲ್ಲ, "ಮಾಡಿದ್ದನ್ನು ಉಣ್ಣಲಿ" ಅನ್ನುತ್ತಾರೆ. ನನ್ನ ಗಂಡನಿಗೂ ಹಾಗೆಯೇ ಅಂದರು. ಸಾಯುವ ತಿಂಗಳು ಅವರ ತೂಕ 34 ಕೆಜಿ ಇತ್ತು. ಬಾಯಿ ತುಂಬ ಹುಣ್ಣು, ಗಂಜಿಯೂ ಇಳಿಯುತ್ತಿರಲಿಲ್ಲ. ಯಾವ ಲೆಕ್ಕಕ್ಕೆ ಯಾವ ಶಿಕ್ಷೆ ಅಂತ ನಾನು ಅವರ ತಲೆ ಹತ್ತಿರ ಕೂತು ಯೋಚಿಸಿ ಯೋಚಿಸಿ ಬಿಟ್ಟುಬಿಟ್ಟಿದ್ದೇನೆ.

ಭಯ ಜನರ ತಲೆಯಲ್ಲಿ ತಾನಾಗಿಯೇ ಹುಟ್ಟಿದ್ದಲ್ಲ. ನಾನು ಹುಡುಗಿಯಾಗಿದ್ದಾಗ ಬಸ್ ಸ್ಟ್ಯಾಂಡ್ ಗೋಡೆಯ ಮೇಲೆ ತಲೆಬುರುಡೆ ಬರೆದು ಕೆಳಗೆ "ಏಡ್ಸ್ ಅಂದರೆ ಸಾವು" ಅಂತ ಬರೆಸಿದ್ದರು. ಆಗ ಔಷಧಿ ಇರಲಿಲ್ಲ, ಹೆದರಿಸಿದರೆ ಜನ ಎಚ್ಚರವಾಗುತ್ತಾರೆ ಅಂದುಕೊಂಡರು. ಆಯಿತು, ಆ ಕಾಲ ಹಾಗಿತ್ತು. ಬಾಗಲಕೋಟೆ, ಬೆಳಗಾವಿ, ವಿಜಯಪುರ ಅಂದರೆ ಎಚ್‌ಐವಿ ಜಾಸ್ತಿ ಇರುವ ಜಿಲ್ಲೆ ಅಂತ ದೇಶಕ್ಕೇ ಗೊತ್ತಾಗಿದ್ದ ಕಾಲ ಅದು. ಹೆಚ್ಚು ಕಮ್ಮಿ ಓಣಿಗೊಂದು ಮನೆ ಇದ್ದರೂ ಯಾರ ಮನೆಯೂ ಅಲ್ಲ ಅನ್ನುವ ಹಾಗೆ ಇದ್ದೆವು. ಈಗ ಕರ್ನಾಟಕದಲ್ಲಿ ಎಚ್‌ಐವಿ ಜೊತೆ ಬದುಕುತ್ತಿರುವವರು ಎರಡೂವರೆ ಲಕ್ಷಕ್ಕೂ ಜಾಸ್ತಿ. ಬುರುಡೆಯ ಬಣ್ಣ ಮಾಸಿ ಎಷ್ಟೋ ವರ್ಷ ಆಯಿತು, ಆದರೆ ಅದರ ಮೇಲೆ ಹೊಸದಾಗಿ ಯಾರೂ ಏನನ್ನೂ ಬರೆಯಲಿಲ್ಲ. ಡಿಸೆಂಬರ್ 1ಕ್ಕೆ ಜಾಥಾ ಆಗುತ್ತದೆ. ಶಾಲೆ ಮಕ್ಕಳು ಬಿಸಿಲಲ್ಲಿ ಫಲಕ ಹಿಡಿದು ನಡೆಯುತ್ತಾರೆ. ವೇದಿಕೆಗೆ ನಮ್ಮಲ್ಲೊಬ್ಬರನ್ನು ಕರೆದು ಶಾಲು ಹೊದಿಸುತ್ತಾರೆ. ಮಾರನೇ ದಿನ ಫೋಟೊ ಪೇಪರಿನಲ್ಲಿ ಬರುತ್ತದೆ. ಕಳೆದ ಸಲ ಶಾಲು ಹೊದ್ದವನ ಬಾಡಿಗೆ ಮನೆ ಹೋಯಿತು. ಶಾಲು ಇದೆ.

ನಿಮ್ಮ ಇಲಾಖೆಯ ಕಾಗದಗಳಲ್ಲಿ 95-95-95 ಅಂತ ಇರುತ್ತದೆ. ನೂರರಲ್ಲಿ 95 ಜನಕ್ಕೆ ತಮ್ಮ ಸ್ಥಿತಿ ಗೊತ್ತಿರಬೇಕು, ಅವರಲ್ಲಿ 95 ಜನ ಚಿಕಿತ್ಸೆಯಲ್ಲಿರಬೇಕು, ಅವರಲ್ಲಿ 95 ಜನರ ವೈರಸ್ಸು ಇಳಿದಿರಬೇಕು. ಮೂರನೇ 95ರಲ್ಲಿ ನಾನಿದ್ದೇನೆ. ಲೆಕ್ಕದಲ್ಲಿ ನಾನು ಪಾಸು. ವಿಶ್ವಸಂಸ್ಥೆಯ ಏಡ್ಸ್ ವಿಭಾಗ ಇದೇ ಪಟ್ಟಿಯ ಜೊತೆ ಇನ್ನೊಂದು ಗುರಿಯನ್ನೂ ಇಟ್ಟಿತ್ತು, 2025ರ ಹೊತ್ತಿಗೆ ಕಳಂಕ, ಭೇದಭಾವ ಅನುಭವಿಸುವವರು ನೂರಕ್ಕೆ 10ಕ್ಕಿಂತ ಕಮ್ಮಿ ಇರಬೇಕು ಅಂತ. ಅದರ ಮಾತು ನಮ್ಮ ಸೆಂಟರಿನ ಗೋಡೆಯ ಮೇಲೆ ನಾನು ಒಮ್ಮೆಯೂ ನೋಡಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯವರು ನಮ್ಮಂಥವರ ಬದುಕು ಹೇಗಿದೆ ಅಂತ ಅಳೆಯಲು 31 ಪ್ರಶ್ನೆಗಳ ಒಂದು ಪಟ್ಟಿ ಮಾಡಿದ್ದಾರೆ. ನಿದ್ದೆ ಬರುತ್ತದಾ, ಮುಂದಿನ ದಿನಗಳ ಬಗ್ಗೆ ಭಯ ಇದೆಯಾ, ಗೊತ್ತಿರುವ ಜನ ನಿಮ್ಮನ್ನು ಒಪ್ಪಿಕೊಂಡಿದ್ದಾರಾ, ಹೀಗೆ. ಹದಿನಾರು ವರ್ಷದಲ್ಲಿ ನನ್ನ ರಕ್ತ ಎಷ್ಟು ಸಲ ತೆಗೆದರೋ ಲೆಕ್ಕವಿಲ್ಲ, ಗುಳಿಗೆಯನ್ನು ಒಂದೊಂದಾಗಿ ಎಣಿಸಿದರು. ನಿದ್ದೆ ಬರುತ್ತದಾ ಅಂತ ಒಬ್ಬರೂ ಕೇಳಲಿಲ್ಲ. ಕೌನ್ಸೆಲರ್ ಮೇಡಂ ಮೇಲೆ ನನಗೆ ಸಿಟ್ಟಿಲ್ಲ. ಒಂದೇ ಬೆಳಿಗ್ಗೆ ಅವರ ಮುಂದೆ ಎಷ್ಟು ಜನ ಇರುತ್ತಾರೆ ಅಂತ ನೋಡಿದ್ದೇನೆ, ಅವರ ಚಹಾ ಅಲ್ಲೇ ಆರಿರುತ್ತದೆ. ಅವರಿಗೆ ಇನ್ನೊಬ್ಬರನ್ನು ಜೊತೆ ಕೊಡಿ. ವರ್ಷಕ್ಕೊಂದು ಸಲ ಆ 31 ಪ್ರಶ್ನೆ ಕೇಳಿಸಿ. ವೈರಲ್ ಲೋಡಿನ ಪಕ್ಕದಲ್ಲೇ ಅದನ್ನೂ ಬರೆಯಿಸಿ. ಆಗ ಗೊತ್ತಾಗುತ್ತದೆ ನಾವು ಪಾಸೋ ಫೇಲೋ ಅಂತ.

ಇನ್ನು ಡಬ್ಬಿ. ಇದು ತೀರ ಸಣ್ಣ ಕೇಳಿಕೆ, ನಗಬೇಡಿ. ಬಿಪಿ, ಶುಗರ್ ಗುಳಿಗೆಗಳ ಹಾಗೆ ಸ್ಟ್ರಿಪ್ಪಿನಲ್ಲಿ ಕೊಡಲು ಆಗುತ್ತದಾ ಅಂತ ದಿಲ್ಲಿಯವರನ್ನು ಒಮ್ಮೆ ಕೇಳಿ. ಅಷ್ಟರವರೆಗೆ ಸೆಂಟರಿನಲ್ಲೇ ಒಂದಿಷ್ಟು ಹತ್ತಿ ಇಡಿಸಿ. ಮತ್ತೆ ಆ ರೂಮಿನ ಮುಂದಿನ ಬೆಂಚು. ಶುಗರ್, ಬಿಪಿಯವರ ಬೆಂಚಿನ ಸಾಲಿನಲ್ಲೇ ನಮ್ಮನ್ನೂ ಕೂರಿಸಿದರೆ ಯಾರ ಗಂಟು ಹೋಗುತ್ತದೆ? ನಮ್ಮ ವಯಸ್ಸಿಗೆ ಹೇಗೂ ಅವೂ ಬಂದಿವೆ. ನಾನು ತಾಲೂಕಾ ಆಸ್ಪತ್ರೆಗೇ ಬರುತ್ತೇನೆ. ಒಂಬತ್ತು ಕಿಲೋಮೀಟರ್.

ಮಗಳಿಗೆ ಈಗ ಗಂಡು ನೋಡುತ್ತಿದ್ದೇವೆ. ಬರುವ ಬೀಗರಿಗೆ ನನ್ನ ವಿಷಯ ಹೇಳಬೇಕೋ ಬೇಡವೋ ಅಂತ ಮನೆಯಲ್ಲಿ ಪ್ರತಿ ರಾತ್ರಿ ಮಾತು. ತಮ್ಮ ಬೇಡ ಅನ್ನುತ್ತಾನೆ. ಮಗಳು ಹೇಳಲೇಬೇಕು ಅನ್ನುತ್ತಾಳೆ, "ನಿನ್ನ ತಾಟು ಬ್ಯಾರೆ ಇಡೋ ಮನಿ ನನಗ ಬ್ಯಾಡ" ಅನ್ನುತ್ತಾಳೆ. ಅವಳಿಗೆ ಆ ಗೀರು ಗುರುತು ಗೊತ್ತಿತ್ತು ಅಂತ ನನಗೆ ತಿಳಿದದ್ದೇ ಅವತ್ತು.

ಈ ಪತ್ರಕ್ಕೆ ಹೆಸರು ಹಾಕಿಲ್ಲ, ವಿಳಾಸ ಕೊಟ್ಟಿಲ್ಲ. ಬಹಿರಂಗ ಪತ್ರ ಬರೆದು ತಾನೇ ಅಡಗಿ ಕೂತಿದ್ದಾಳೆ ಅಂತ ಅನ್ನಿಸಬಹುದು, ಅನ್ನಿಸಲಿ. ಉತ್ತರ ಕೊಡುವ ಮನಸ್ಸಾದರೆ ನನಗೆ ಬರೆಯಬೇಡಿ. ಆಸ್ಪತ್ರೆಯ ಗೋಡೆಯ ಮೇಲೆ ಬರೆಸಿ. ದೂರು ಕೇಳುವ ಅಧಿಕಾರಿಯ ಹೆಸರು, ಓಂಬುಡ್ಸ್‌ಮನ್ ಹೆಸರು, ಫೋನ್ ನಂಬರ್, ಮತ್ತೆ ಗುಳಿಗೆ ತಪ್ಪಿಸದೆ ವೈರಸ್ಸು ಕಾಣದಷ್ಟು ಇಳಿದವರಿಂದ ಕೂಡಿದರೂ ಹರಡುವುದಿಲ್ಲ ಅನ್ನುವ ಒಂದು ಸಾಲು, ದಪ್ಪ ಅಕ್ಷರದಲ್ಲಿ. ಯಾವ ಬಣ್ಣವಾದರೂ ಆಗುತ್ತದೆ, ಕೆಂಪು ಬಿಟ್ಟು. ನಾನು ಎರಡು ತಿಂಗಳಿಗೊಮ್ಮೆ ಆ ದಾರಿಯಲ್ಲಿ ಹೋಗುತ್ತೇನೆ, ಬಸ್ಸಿನ ಕಿಟಕಿಯಿಂದಲೇ ಓದಿಕೊಳ್ಳುತ್ತೇನೆ.

ಇಂತಿ,
ಬಾಗಲಕೋಟೆ ಜಿಲ್ಲೆಯ ಒಬ್ಬ ಹೊಲಿಗೆಯವಳು